ಲೋಳೆಯಲ್ಲಿ ಸಿಕ್ಕ ಭಂಡಾರ

ಜೋಳಕ್ಕೆ ಹಂದರ ಹಾಕಿದ ಮನುಷ್ಯನನ್ನು ಪಿಎಸ್‌ಐ ಶೀತಲ ತನ್ನ ಇಡೀ ಸರ್ವಿಸ್ಸಿನಲ್ಲಿ ನೋಡಿದ್ದು ಇದೇ ಮೊದಲು.

ಹಂದರವೆಂದರೆ ನಿಜವಾದ ಹಂದರವೇ. ಮೂಲೆಗೊಂದು ಬಿದಿರು, ಮೇಲೆ ಹಸಿರು ನೆರಳುಬಲೆ, ಬುಡದಲ್ಲಿ ಹನಿ ನೀರಿನ ಕರಿ ಪೈಪು. ಸಾಲಹಳ್ಳಿಯ ಆ ಕೆಂಪು ಮಸಾರಿ ಹೊಲದಲ್ಲಿ ಸೂರ್ಯಕಾಂತಿ, ಗೋವಿನಜೋಳಗಳೆಲ್ಲ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದರೆ, ನಡುವಿನ ಒಂದು ಮಡಿ ಬಿಳಿಜೋಳ ಮಾತ್ರ ಬಾಣಂತಿಯ ಹಾಗೆ ನೆರಳಿನಲ್ಲಿ ಇತ್ತು.

"ಮದವಿ ಮಾಡಾಂವ ಇದ್ದಂಗ ಕಾಣತೈತ್ರಿ," ಎಂದ ಹವಾಲ್ದಾರ ಯಮನಪ್ಪ ಜೀಪಿನಿಂದ ಇಳಿಯುತ್ತ. "ಜೋಳಕ್ಕ ಹಂದರ! ಬಾಸಿಂಗ ಒಂದ ಕಮ್ಮಿ ನೋಡ್ರಿ."

ಶೀತಲ ನಗಲಿಲ್ಲ. ನಗುವ ದಿನವಾಗಿರಲಿಲ್ಲ ಅದು. ಅವಳ ಹಿಂದೆಯೇ ಜೀಪಿನಿಂದ ಮಧು ಇಳಿದಳು. ಬೈಲಹೊಂಗಲದ ಹುಡುಗಿ, ಬೇರಿನ ಮೇಲೆ ಸಂಶೋಧನೆ ಮಾಡುತ್ತಿರುವವಳು, ಈ ಪ್ರಕರಣದ ಏಕೈಕ ಶಂಕಿತೆ.

ಹೂಲಿಯ ಮುದುಕಿ ದೇವಕ್ಕನ ಹೊಲದಿಂದ ಲೋಳಿಜೋಳವೆಂಬ ಹಳೆಯ ತಳಿಯ ಪಟ್ಟಿಯೊಂದು ಬೇರುಸಹಿತ ಕಾಣೆಯಾಗಿ ಹತ್ತಿರ ಹತ್ತಿರ ಎರಡು ವಾರವಾಗಿತ್ತು. ಮಧುವೇ ಅದನ್ನು ಕಿತ್ತು ಯಾವುದೋ ಕಂಪನಿಗೆ ಮಾರಿದ್ದಾಳೆಂದು ದೇವಕ್ಕನ ಮೈದುನನ ಮಗ ಕಲ್ಮೇಶ ದೂರು ಕೊಟ್ಟಿದ್ದ. ಇವತ್ತು ಸಂಜೆಯೊಳಗೆ ಗಿಡ ಸಿಗದಿದ್ದರೆ ಹುಡುಗಿಯನ್ನು ಒಳಗೆ ಹಾಕಿ ಎಂದು ಮೇಲಿನವರು ಶೀತಲಳಿಗೆ ಖಡಾಖಂಡಿತವಾಗಿ ಹೇಳಿದ್ದರು.

ಜೋಳ ಕದ್ದ ಪ್ರಕರಣವೆಂದು ಠಾಣೆಯಲ್ಲಿ ಎಲ್ಲರೂ ಮೊದಲು ನಕ್ಕಿದ್ದರು. ಆದರೆ ಲೋಳಿಜೋಳ ಬೇರೆಲ್ಲೂ ಇಲ್ಲ. ದೇವಕ್ಕನ ಮನೆಯಲ್ಲಿದ್ದ ಬೀಜದ ಗಡಿಗೆಗೆ ಮಳೆಗಾಲದಲ್ಲಿ ನೀರು ಹೊಕ್ಕು, ಉಳಿದ ಒಂದು ಬೊಗಸೆಯನ್ನು ಆಕೆ ಆ ಪಟ್ಟಿಯಲ್ಲಿ ಬಿತ್ತಿದ್ದಳು. ಪಟ್ಟಿ ಹೋದರೆ ಆ ಜೋಳದ ವಂಶವೇ ಹೋದಂತೆ.

"ಇವೇ ಏನು?" ಎಂದು ಶೀತಲ ಮೆಲ್ಲಗೆ ಕೇಳಿದಳು.

ಮಧು ಹಂದರದ ಕಡೆ ನೋಡಿದಳು. ಅರ್ಧಕ್ಕರ್ಧ ಗಿಡ ಒಣಗಿ ತಲೆ ಚೆಲ್ಲಿದ್ದವು. ಉಳಿದವು ಬಾಡಿದ್ದರೂ ಹಸಿರಾಗಿದ್ದವು. ಒಂದೆರಡರಲ್ಲಿ ಹೊಡೆ ಒಡೆದು ತೆನೆ ಇಣುಕುತ್ತಿತ್ತು.

"ಹೌದ್ರಿ," ಎಂದಳು. ದನಿ ನಡುಗಿತು. "ಆದ್ರ ನಾ ಹೌದ ಅಂದ್ರ ಯಾರ ನಂಬತಾರ್ರಿ ಮೇಡಂ? ಸಾಬೀತ ಆಗಬೇಕಲ್ಲ."

ಅಷ್ಟರಲ್ಲಿ ಪಂಪಿನ ಮನೆಯ ಕಡೆಯಿಂದ ಹೊಲದ ಒಡೆಯ ಬಂದ. ರಾಮದುರ್ಗದಲ್ಲಿ ಬೀಜದ ಅಂಗಡಿ ಇಟ್ಟಿರುವ ಬಸಲಿಂಗಪ್ಪ. ಹಣೆಯ ತುಂಬ ವಿಭೂತಿ, ಮಡಿಚಿ ಕಟ್ಟಿದ ಧೋತರ, ಮೊಣಕಾಲಿನವರೆಗೆ ಕೆಂಪು ಕೆಸರು. ಖಾಕಿ ಕಂಡ ಕೂಡಲೇ ಅವನ ಕಾಲು ಒಂದು ಕ್ಷಣ ನಿಂತು, ಆಮೇಲೆ ಅಗತ್ಯಕ್ಕಿಂತ ಜೋರಾಗಿ ನಡೆದವು.

"ಬರ್ರಿ ಮೇಡಮ್ಮಾರ, ಬರ್ರಿ. ಬಿಸಲಾಗ ಯಾಕ ನಿಂತ್ರಿ? ಚಾ ಮಾಡಸ್ಲೇನ್ರಿ?"

"ಚಾ ಆಮ್ಯಾಲ ಕುಡಿಯೋಣ್ರಿ. ಮೊದಲ ಈ ಹಂದರದ ಕಥಿ ಹೇಳ್ರಿ."

"ಕಥಿ ಏನ ಬಂತ್ರಿ? ನನ್ನ ಹೊಲ, ನನ್ನ ಜೋಳ."

"ಯಾವಾಗ ಬಿತ್ತಿದ್ರಿ?"

"ಎಲ್ಲಾರೂ ಬಿತ್ತಿದಾಗ."

"ಇಲ್ಲೇ ಬಿತ್ತಿದ್ರಿ?"

"ಇಲ್ಲೇ ಬಿತ್ತೀನಿ, ಇಲ್ಲೇ ಬೆಳದಾವು. ಮ್ಯಾಲಿಂದ ಬಿದ್ದಾವೇನ್ರಿ ಮತ್ತ?"

ಯಮನಪ್ಪ ಆಗಲೇ ಹಂದರದೊಳಗೆ ಬಗ್ಗಿ ನೋಡುತ್ತಿದ್ದ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು. ಪೊಲೀಸ್ ಕೆಲಸ ಸಿಕ್ಕು ಇಪ್ಪತ್ತು ವರ್ಷವಾದರೂ ಹೊಲ ಕಂಡರೆ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವವನು. "ಸಾವಕಾರ್ರ," ಎಂದ, "ಕೂರಿಗಿ ಎಲ್ಲಿ ಹೊಡದ್ರಿ? ಸಾಲ ಕಾಣವಲ್ದು. ಒಂದ ಅಲ್ಲಿ, ಒಂದ ಇಲ್ಲಿ. ಬದನಿ ಸಸಿ ಹಚ್ಚಿದಂಗ ಹಚ್ಚೀರಲ್ಲ!"

ಬಸಲಿಂಗಪ್ಪ ಮಗ್ಗುಲಿನ ಗಿಡದ ಎಲೆಯನ್ನು ಸುಮ್ಮನೆ ಸವರಿದ. ಬೀಜದ ಅಂಗಡಿಯವನಿಗೆ ಸುಳ್ಳು ಹೇಳುವುದು ಇಷ್ಟು ಕಷ್ಟವೆಂದರೆ ಇಷ್ಟು ವರ್ಷ ವ್ಯಾಪಾರ ಹೇಗೆ ಮಾಡಿದನೋ ಎಂದು ಶೀತಲಳಿಗೆ ಅನ್ನಿಸಿತು. ಜತೆಗೆ ಇನ್ನೊಂದೂ ಅನ್ನಿಸಿತು: ಕದ್ದವನು ಗಿಡವನ್ನು ಹೀಗೆ ಸವರುವುದಿಲ್ಲ.

ಆದರೆ ಅನ್ನಿಸಿಕೆಗೆ ಕೋರ್ಟಿನಲ್ಲಿ ಕಿಮ್ಮತ್ತಿಲ್ಲ.

"ಮಧು, ಒಂದ ಗಿಡ ಕೀಳ್ರಿ."

"ಜೀವ ಇದ್ದದ್ದ ಬ್ಯಾಡ್ರಿ ಮೇಡಂ," ಎಂದಳು ಹುಡುಗಿ. ತನ್ನ ಕೊರಳಿಗೆ ಉರುಲು ಬಿದ್ದಿರುವಾಗಲೂ ಜೋಳದ ಚಿಂತೆ. ಅರ್ಧ ಒಣಗಿದ ಒಂದು ಗಿಡದ ಸುತ್ತ ಬೆರಳಿನಿಂದಲೇ ಮಣ್ಣು ಸಡಿಲಿಸಿ, ನೋಯದ ಹಾಗೆ ಎತ್ತಿದಳು. ಯಮನಪ್ಪ ಪಂಪಿನ ಮನೆಯಿಂದ ಬಕೆಟ್ಟಿನಲ್ಲಿ ನೀರು ತಂದ.

ಬೇರು ನೀರಿಗಿಳಿಯಿತು. ಕೆಂಪು ಮಣ್ಣು ಮೋಡದ ಹಾಗೆ ಹರಡಿ ತಳಕ್ಕೆ ಕೂತಿತು. ಮಧು ಮತ್ತೊಮ್ಮೆ ಅದ್ದಿದಳು, ಅಲ್ಲಾಡಿಸಿದಳು, ಎತ್ತಿದಳು.

ಬೇರು ಬೆತ್ತಲಾಗಲಿಲ್ಲ. ಕೆಂಪು ಹೋದ ಮೇಲೆ ಒಳಗಿನಿಂದ ಕರಿ ಬಂತು. ಪ್ರತಿಯೊಂದು ಹಳೆಯ ಬೇರಿಗೂ ಕಾಲುಚೀಲ ತೊಡಿಸಿದಂತೆ ಎರೆಮಣ್ಣಿನ ತೆಳು ಪದರು ಬಿಗಿಯಾಗಿ ಅಂಟಿತ್ತು. ತುದಿಗಳಲ್ಲಿ ಹೊಸದಾಗಿ ಒಡೆದ ಬೇರುಗಳಿಗೆ ಮಾತ್ರ ಕರಿ ಇರಲಿಲ್ಲ.

"ಇದೇನ್ರಿ ಯವ್ವಾ?" ಎಂದ ಯಮನಪ್ಪ. "ನೀರಾಗ ತೊಳದ್ರೂ ಬಿಡವಲ್ದು?"

"ಲೋಳಿ ಹಿಡದೈತ್ರಿ," ಎಂದಳು ಮಧು. ಬೇರಿನ ಮಾತು ಬಂದ ಕೂಡಲೇ ಅವಳ ದನಿಯ ನಡುಕ ಹೋಯಿತು. "ಬೇರಿನ ತುದಿಗೆ ಒಂದ ಸಣ್ಣ ಟೊಪಗಿ ಇರತೈತ್ರಿ. ಆ ಟೊಪಗಿ ಜೀವಕೋಶದೊಳಗ ಸಕ್ಕರಿ ಕಣಾ ಒಂದಕ್ಕೊಂದ ಪೋಣಿಸಿ ಉದ್ದನ್ನ ಸರಾ ತಯಾರ ಆಗತಾವು. ಪಾಲಿಸ್ಯಾಕರೈಡ್ ಅಂತಾರ. ಅವು ಹೊರಗ ಬಂದು ನೀರ ಕುಡದು ಉಬ್ಬಿದ್ವಂದ್ರ ಅದ ಲೋಳಿ. ಬೆಂಡಿಕಾಯಿ ಹೆಚ್ಚಿದಾಗ ಕೈಗೆ ಅಂಟತೈತಲ್ರಿ, ಹಂಗ. ಅದರಿಂದ ಬೇರ ಮಣ್ಣಾಗ ಜಾರಿ ಹೋಗತೈತಿ, ಹನಿ ನೀರ ಹಿಡಕೊಳ್ಳತೈತಿ, ಮಣ್ಣ ಮೈಗೆ ಅಂಟಿಸ್ಕೊಳ್ಳತೈತಿ."

"ಅಂದ್ರ ಯಾವ ಮಣ್ಣಾಗ ಬೆಳೀತೋ ಆ ಮಣ್ಣ ಮೈಮ್ಯಾಲ ಇರತೈತಿ," ಎಂದಳು ಶೀತಲ.

"ಹೌದ್ರಿ. ಎಲ್ಲಾ ಬೆಳಿಗೂ ಸ್ವಲ್ಪ ಸ್ವಲ್ಪ ಇರತೈತಿ. ಲೋಳಿಜೋಳಕ್ಕ ವಿಪರೀತ."

ಶೀತಲ ಬಸಲಿಂಗಪ್ಪನ ಕಡೆ ತಿರುಗಿದಳು. "ಹಳೇ ಬೇರ ಎರಿಯಾಗ ಬೆಳದಾವು. ಹೊಸಾ ತುದಿ ಅಷ್ಟ ನಿಮ್ಮ ಮಸಾರಿ ಕಂಡಾವು. ಇಲ್ಲೇ ಬಿತ್ತೀನಿ ಅಂದ್ರೆಲ್ಲ?"

ಬಸಲಿಂಗಪ್ಪ ಆ ಬೇರನ್ನು ಒಮ್ಮೆ ನೋಡಿದ. ಆದರೂ ಸೋಲಲಿಲ್ಲ. "ಎರಿ ಹೂಲಿಯಾಗಷ್ಟ ಐತೇನ್ರಿ? ಮಲಪ್ರಭಾ ದಂಡಿ ಎರಿ ಟ್ರ್ಯಾಲಿಲೇ ಹೇರಿಸಿ ಕುಣಿಗೆ ತುಂಬೇನಿ. ಅದರಾಗ ಕಾಳ ಊರೇನಿ. ಸಾಲ ಯಾಕಿಲ್ಲ ಅಂದ್ರ ಅದಕ್ಕ ಇಲ್ಲ. ತಪ್ಪೇನ್ರಿ?"

ತಪ್ಪಿರಲಿಲ್ಲ. ಶೀತಲ ಮನಸ್ಸಿನಲ್ಲೇ ಹಲ್ಲು ಕಡಿದಳು. ಎರೆಮಣ್ಣು ಈ ಸೀಮೆಯಲ್ಲಿ ಎಲ್ಲಿಲ್ಲ? ವಕೀಲನೊಬ್ಬ ಇದೇ ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು. ಹೂಲಿಯ ಹೆಸರು ಬರೆದುಕೊಂಡ ಮಣ್ಣು ಎಲ್ಲಿಂದ ತರುವುದು?

ಅವಳ ತಲೆಯಲ್ಲಿ ತನಿಖೆಯ ಮೊದಲ ದಿನ ಕಂಡ ಹೂಲಿಯ ಹೊಲ ಮತ್ತೆ ಬಂತು.

ಎಳ್ಳ ಅಮಾವಾಸ್ಯೆಯ ದಿನ ದೇವಕ್ಕ ತನ್ನ ಪಟ್ಟಿಯ ಐದು ಗಿಡಗಳನ್ನು ಒಟ್ಟಿಗೆ ಕಟ್ಟಿ ಪೂಜೆ ಮಾಡಿದ್ದಳು. ಹೊಡೆ ತುಂಬಿದ ಜೋಳವೆಂದರೆ ಬಸುರಿ. ಅದಕ್ಕೆ ಕುಬಸ ಸುತ್ತಿ, ಹಸಿರು ಬಳೆ ಕಟ್ಟಿ, ಉಡಿ ತುಂಬಿ, ಹೊಲಕ್ಕೆಲ್ಲ ನೈವೇದ್ಯದ ಚರಗ ಚೆಲ್ಲುವುದು ಈ ಕಡೆಯ ಪದ್ಧತಿ. ಕಳವಾದ ಮೇಲೆ ನೋಡಿದರೆ ಗಿಡ ಒಂದೂ ಇರಲಿಲ್ಲ. ಆದರೆ ಬದುವಿನ ಬನ್ನಿಗಿಡದ ಬುಡದಲ್ಲಿ ಕುಬಸ ಅಚ್ಚುಕಟ್ಟಾಗಿ ಮಡಚಿಟ್ಟಿತ್ತು. ಒಳಗೆ ಉತ್ತತ್ತಿ, ಕೊಬ್ಬರಿ ಬಟ್ಟಲು, ಬಳೆಗಳು. ಒಂದೂ ಒಡೆದಿರಲಿಲ್ಲ.

ಕಳ್ಳ ದೇವರಿಗೆ ಅಂಜುವವನು, ಇದೇ ಸೀಮೆಯವನು ಎಂದು ಶೀತಲ ಅಂದೇ ತೀರ್ಮಾನಿಸಿದ್ದಳು. ಹೊರಗಿನ ಕಂಪನಿಯವರಾಗಿದ್ದರೆ ಬಳೆಯ ಮೇಲೆ ಬೂಟು ಇಟ್ಟು ಹೋಗುತ್ತಿದ್ದರು. ಆ ಎಳೆ ಹಿಡಿದು ಸುತ್ತಲಿನ ಊರುಗಳಲ್ಲಿ ವಿಚಾರಿಸಿದಾಗಲೇ ಅವಳಿಗೆ ಈ ಹಂದರದ ಸುದ್ದಿ ಸಿಕ್ಕಿದ್ದು.

ಪೂಜೆ. ಅರಿಶಿನ, ಕುಂಕುಮ. ಅವಳು ಥಟ್ಟನೆ ತಲೆಯೆತ್ತಿದಳು.

"ಮಧು, ಚರಗದ ದಿನ ನೀವೂ ಇದ್ರೆಲ್ಲ. ದೇವಕ್ಕ ಗಿಡಕ್ಕ ಏನೇನ ಹಚ್ಚಿದ್ರು?"

"ಭಂಡಾರ ಹಾರಿಸಿದ್ರು. ಎಲ್ಲಮ್ಮನ ಗುಡ್ಡದಿಂದ ತಂದ ಅರಿಶಿನ ಪುಡಿ. ಬುಡಕ್ಕೆಲ್ಲಾ ಕೈತುಂಬ..." ಮಧು ಅಲ್ಲಿಗೇ ನಿಂತಳು. ಕಣ್ಣು ದೊಡ್ಡದಾದವು. "ಅವತ್ತ ಮುಂಜಾನೆ ಭಾಳ ಇಬ್ಬನಿ ಬಿದ್ದಿತ್ರಿ. ಗೆಣ್ಣಿನ ಬೇರೆಲ್ಲಾ ಲೋಳಿ ಸುರಸಾಕತ್ತಿದ್ವು."

ಲೋಳಿಜೋಳದ ವಿಶೇಷವೇ ಅದು. ನೆಲದ ಮೇಲೆ, ಕಾಂಡದ ಗೆಣ್ಣುಗಳಿಂದಲೂ ಅದಕ್ಕೆ ದಪ್ಪ ಬೇರು ಇಳಿಯುತ್ತವೆ. ಇಬ್ಬನಿ ಬಿದ್ದರೆ ಆ ಬೇರುಗಳಿಂದ ತಿಳಿ ಲೋಳೆ ಹನಿಹನಿಯಾಗಿ ಜಿನುಗುತ್ತದೆ. ಆ ಲೋಳೆಯೊಳಗೆ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಿಂದಲೇ ಗಿಡಕ್ಕೆ ಸಾರಜನಕ ಕೊಡುತ್ತವೆ, ಅದಕ್ಕೇ ದೇವಕ್ಕನ ಜೋಳ ಗೊಬ್ಬರ ಕೇಳುವುದಿಲ್ಲ ಎಂಬುದು ಮಧುವಿನ ಸಂಶೋಧನೆ. ಅದು ಖರೆಯಾದರೆ ಎಷ್ಟು ಜನರಿಗೆ ಆ ಬೀಜ ಬೇಕಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ದೇವಕ್ಕನ ಹೆಸರಿನಲ್ಲೇ ನೋಂದಾಯಿಸಬೇಕೆಂದು ಮಧು ಹಟ ಹಿಡಿದಿದ್ದಳು.

ಈಗ ಗೆಣ್ಣಿನ ಬೇರುಗಳೆಲ್ಲ ಒಣಗಿದ್ದವು. ಮೇಲೆ ಹಳೆಯ ವಾರ್ನಿಶ್ಶಿನ ಹಾಗೆ ಕಂದು ಹೊಳಪು ಮಾತ್ರ.

"ಒಣಗಿದ ಲೋಳಿ ಸತ್ತಂಗಲ್ರಿ," ಎಂದಳು ಮಧು. "ಆ ಸಕ್ಕರಿ ಸರಾ ಹಂಗ ಇರತಾವು. ನೀರ ಸಿಕ್ರ ಮತ್ತ ಉಬ್ಬತಾವು. ಅವತ್ತ ಏನರ ಅದರಾಗ ಸಿಕ್ಕೊಂಡಿದ್ರ..."

ಮುಂದಿನ ಮಾತಿಗೆ ಕಾಯದೆ ಶೀತಲ ಕರವಸ್ತ್ರವನ್ನು ಬಕೆಟ್ಟಿನಲ್ಲಿ ಅದ್ದಿ, ಹಂದರದ ನಡುವಿನ ಗಿಡವೊಂದರ ಗೆಣ್ಣಿನ ಬೇರಿಗೆ ಸುತ್ತಿದಳು. ಮಗ್ಗುಲಿನದಕ್ಕೆ ಮಧು ತನ್ನ ಓಢಣಿಯ ಚುಂಗು ಸುತ್ತಿದಳು. ಯಮನಪ್ಪ ತನ್ನ ಹೆಗಲ ಮೇಲಿನ ಟವೆಲ್ಲನ್ನೇ ಕೊಟ್ಟ.

"ಈಗ ಚಾ ತರಸ್ರಿ ಸಾವಕಾರ್ರ," ಎಂದಳು ಶೀತಲ.

ಚಹಾ ಬಂತು. ಬಸಲಿಂಗಪ್ಪ ಬಸಿಯಲ್ಲಿ ಸುರಿದುಕೊಂಡ ಚಹಾ ಹಾಗೆಯೇ ಆರಿತು.

ಆ ಬಿಡುವಿನಲ್ಲಿ ಶೀತಲಳಿಗೆ ಬೆಳಗಿನ ಎರಡು ಫೋನು ನೆನಪಾದವು. ಒಂದು ಅವಳೇ ಮಾಡಿದ್ದು, ಕಲ್ಮೇಶನಿಗೆ: ಸಾಲಹಳ್ಳಿಗೆ ಹೊರಟಿದ್ದೇವೆ, ಗಿಡ ಗುರುತಿಸಲು ದೇವಕ್ಕನನ್ನು ಕರೆದುಕೊಂಡು ಬನ್ನಿ ಎಂದು. ಇನ್ನೊಂದು ತಾನಾಗಿ ಬಂದದ್ದು, ಮಧುವಿನ ಗೈಡು ಸಿದ್ಧಾರೂಢ ಸರ್ ಅವರದು. ದೊಡ್ಡ ಮನುಷ್ಯ, ಮೆತ್ತಗಿನ ಮಾತು. ಗಿಡ ಸಿಕ್ಕವೇ, ಬೇರು ಹಸಿ ಇವೆಯೇ, ತೆನೆ ಹಾಯ್ದಿವೆಯೇ ಎಂದು ಕಾಳಜಿಯಿಂದ ಕೇಳಿದ್ದರು. ಫೋನು ಇಟ್ಟ ಮೇಲೆ ಶೀತಲಳಿಗೆ ಏನೋ ಕೊಸರು ಉಳಿದಿತ್ತು. ಅದು ಏನೆಂದು ಈಗ ಹೊಳೆಯಿತು. ಜೈಲಿನ ಬಾಗಿಲಲ್ಲಿ ನಿಂತ ತನ್ನ ವಿದ್ಯಾರ್ಥಿನಿ ಹೇಗಿದ್ದಾಳೆಂದು ಅವರು ಕೇಳಿರಲೇ ಇಲ್ಲ.

"ಮೇಡಂ!"

ಮಧು ಓಢಣಿ ಬಿಚ್ಚಿದ್ದಳು. ಕಂದು ಹೊಳಪು ಹೋಗಿ, ಗೆಣ್ಣಿನ ಬೇರಿನ ತುಂಬ ಲೋಳೆ ಉಬ್ಬಿ ನಿಂತಿತ್ತು. ನೀರಿನಲ್ಲಿ ನೆನೆಹಾಕಿದ ಕಾಮಕಸ್ತೂರಿ ಬೀಜದ ಹಾಗೆ ತಿಳಿಯಾಗಿ, ತುಂಬಿಕೊಂಡು. ಆ ತಿಳಿಯ ಒಳಗೆ, ಮೇಲೆ ಮೆತ್ತಿದ್ದಲ್ಲ, ಒಳಗೇ, ಹಳದಿ ಹುಡಿ.

ಯಮನಪ್ಪ ಕೈ ಮುಗಿದುಬಿಟ್ಟ. "ಉಧೋ ಎಲ್ಲಮ್ಮಾ!"

"ಅದು... ಅದು ಔಷಧ ಇರಬೇಕ್ರಿ," ಎಂದ ಬಸಲಿಂಗಪ್ಪ. "ಗಂಧಕದ ಪುಡಿ. ಹುಳಕ್ಕಂತ ಹೊಡದಿದ್ದೆ."

"ಯಮನಪ್ಪನವರ, ನಿಮ್ಮ ಸುಣ್ಣದ ಡಬ್ಬಿ ಕೊಡ್ರಿ."

ತಂಬಾಕಿನ ಚೀಲದಿಂದ ಡಬ್ಬಿ ಹೊರಗೆ ಬಂತು. ಶೀತಲ ಬೆರಳ ತುದಿಗೆ ಒಂದಿಷ್ಟು ಸುಣ್ಣ ತೆಗೆದು ಆ ಹಳದಿಗೆ ತಾಗಿಸಿದಳು. ಗಂಧಕವಾಗಿದ್ದರೆ ಹಳದಿಯಾಗಿಯೇ ಉಳಿಯಬೇಕಿತ್ತು. ಹಳದಿ ಕೆಂಪಾಯಿತು. ಆರತಿಯ ತಟ್ಟೆಯಲ್ಲಿ ಓಕುಳಿ ನೀರು ಕೆಂಪಾಗುವುದನ್ನು ನೋಡಿ ಬೆಳೆದವರಿಗೆ ಅದೇನೆಂದು ಹೇಳಬೇಕಾಗಿರಲಿಲ್ಲ.

"ಅರಿಶಿನ," ಎಂದಳು ಶೀತಲ. "ಮಲಪ್ರಭಾ ದಂಡಿ ಎರಿಯಾಗ ಅರಿಶಿನಾನೂ ಬರತೈತೇನ್ರಿ?"

ಬಸಲಿಂಗಪ್ಪ ಹಂದರದ ಬಿದಿರು ಹಿಡಿದುಕೊಂಡು ಕುಕ್ಕರಗಾಲಿನಲ್ಲಿ ಕೂತ. ಮೂವರೂ ಸೇರಿ ಉಳಿದ ಗಿಡಗಳನ್ನು ಒಂದೊಂದಾಗಿ ತೋಯಿಸಿ ನೋಡಿದರು. ಭಂಡಾರ ಸಿಕ್ಕದ್ದು ನಾಲ್ಕು ಗಿಡಗಳಲ್ಲಿ. ನಾಲ್ಕೂ ಹಸಿರಾಗಿದ್ದವು, ಎಲ್ಲಕ್ಕಿಂತ ಹೆಚ್ಚು ನೆರಳು, ಹೆಚ್ಚು ನೀರು ಅವಕ್ಕೇ ಸಿಕ್ಕಿತ್ತು.

ಶೀತಲಳ ಎದೆ ಹಗುರಾಯಿತು. ಹುಡುಗಿ ಉಳಿದಳು ಅನ್ನಿಸಿ ಒಂದು ಕ್ಷಣ ಖಾಕಿಯನ್ನೂ ಮರೆತು ಮಧುವಿನ ಬೆನ್ನ ಮೇಲೆ ಕೈಯಿಟ್ಟಳು. ಆದರೆ ಪೊಲೀಸ್ ಬುದ್ಧಿ ಸುಮ್ಮನಿರುವುದಿಲ್ಲ.

"ಪೂಜಿ ಮಾಡಿದ್ದು ಐದು. ಐದನೇದು ಎಲ್ಲೈತ್ರಿ?"

"ನನಗ ಗೊತ್ತಿಲ್ರಿ."

"ಕದ್ದಾವ್ರಿಗೆ ಗೊತ್ತಿಲ್ಲಂದ್ರ ಹೆಂಗ?"

"ನಾ ಕದ್ದಿಲ್ಲಾ!" ಬಸಲಿಂಗಪ್ಪನ ಕಣ್ಣಲ್ಲಿ ನೀರು ತುಂಬಿತು. "ನನ್ನ ಹೆಣಾ ಬಿದ್ರೂ ನಾ ಮತ್ತೊಬ್ಬರ ಬೆಳಿ ಮುಟ್ಟಾವಲ್ರಿ. ತೊಳದ ಹಚ್ಚು ಅಂದ್ಲು, ತೊಳದೆ. ಊರ ಮಣ್ಣ ಕಂಡ್ರ ಗುರುತ ಹಿಡೀತಾರ ಅಂದ್ಲು. ತೊಳದದ್ದಕ್ಕ ಅರ್ಧಾ ಸತ್ತೂವು. ರಾತ್ರಿ ನಿದ್ದಿ ಬಂದಿಲ್ಲ ನನಗ."

"ಯಾರ ಅಂದ್ರು?"

ಅವನು ಬಾಯಿ ಮುಚ್ಚಿಕೊಂಡ. "ಮಾತ ಕೊಟ್ಟೇನ್ರಿ. ಹೇಳಂಗಿಲ್ಲ."

ಅಂದ್ಲು. ಹೆಂಗಸು.

ಶೀತಲಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸಿತು. ತಾನೂ ಇದೇ ಸೀಮೆಯ ಮಗಳು, ಪ್ರತಿ ವರ್ಷ ಅವ್ವನ ಜೊತೆ ಹೊಲಕ್ಕೆ ಹೋಗಿ ಬುಟ್ಟಿ ಹೊತ್ತವಳು. ಈ ಕಡೆ ತುಂಬಿದ ಉಡಿಗೆ ಗಂಡಸರು ಕೈ ಹಚ್ಚುವುದಿಲ್ಲ. ದೇವರಿಗೆ ಅಂಜುವ ಕಳ್ಳನಾಗಿದ್ದರೆ ಆ ಐದು ಗಿಡ ಬಿಟ್ಟು ಉಳಿದದ್ದನ್ನು ಒಯ್ಯುತ್ತಿದ್ದ. ಗಂಟು ಬಿಚ್ಚಿ, ಬಳೆ ಒಡೆಯದೆ ತೆಗೆದು, ಕುಬಸ ಮಡಚಿ ಬನ್ನಿಯ ಬುಡಕ್ಕೆ ಇಡಬೇಕಾದರೆ ಆ ಕೈ ಉಡಿ ತುಂಬಿದವಳದೇ ಆಗಿರಬೇಕು. ಇಷ್ಟು ದಿನ ಅವಳು ಕಳ್ಳನ ಭಕ್ತಿಯನ್ನು ಮೆಚ್ಚಿಕೊಂಡು ಓಡಾಡಿದ್ದಳು, ಅಲ್ಲಿ ಕಳ್ಳನೇ ಇರಲಿಲ್ಲ.

"ದೇವಕ್ಕ," ಎಂದಳು ಶೀತಲ. "ನಿಮಗೇನಾಗಬೇಕ್ರಿ ದೇವಕ್ಕ?"

ಬಸಲಿಂಗಪ್ಪ ಹಿಡಿದಿದ್ದ ಬಿದಿರನ್ನು ಬಿಟ್ಟು ಕೈ ಮುಗಿದ. "ನಮ್ಮೂರ ಹೆಣಮಗಳ್ರಿ. ಮುರಗೋಡದಾಗ ನಮ್ಮ ಮನಿ ಅವರ ಮನಿ ಒಂದ ಓಣಿ. ಅಕ್ಕ ಅಂತೇನಿ. ಅಕ್ಕ ಬಂದು, ತಮ್ಮಾ ನನ್ನ ಜೋಳ ಮಾರಾಕ ಕುಂತಾರೋ, ಬಚ್ಚಿಡೋ ಅಂದ್ರ ನಾ ಏನ ಅನ್ಲಿ?"

"ಯಾರ ಮಾರಾಕ ಕುಂತಾರ?"

ಉತ್ತರ ಬರುವ ಮೊದಲೇ ರಸ್ತೆಯ ಕಡೆಯಿಂದ ಪಿಕಪ್ ಗಾಡಿಯ ಸದ್ದು ಕೇಳಿತು. ಕಲ್ಮೇಶ ಇಳಿದ. ಮಗ್ಗುಲಿನ ಸೀಟಿನಿಂದ ದೇವಕ್ಕ ಇಳಿದಳು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ. ಸೆರಗಿನ ಉಡಿಯಲ್ಲಿ ಏನೋ ಜೋಪಾನವಾಗಿ ಹಿಡಿದಿದ್ದಳು. ದಾರಿಗೆ ಕಟ್ಟಿಕೊಂಡ ರೊಟ್ಟಿ ಇರಬೇಕು ಎಂದುಕೊಂಡಳು ಶೀತಲ.

ದೇವಕ್ಕ ಪೊಲೀಸರ ಕಡೆ ನೋಡಲಿಲ್ಲ, ಬಸಲಿಂಗಪ್ಪನ ಕಡೆಯೂ ನೋಡಲಿಲ್ಲ. ನೆಟ್ಟಗೆ ಹಂದರದೊಳಗೆ ಹೋಗಿ, ಒಣಗಿದವುಗಳ ಮುಂದೆ ಒಮ್ಮೆ ನಿಂತಳು. ಆಮೇಲೆ ಆ ನಾಲ್ಕು ಗಿಡಗಳ ಹತ್ತಿರ ಬಗ್ಗಿ, ಉಬ್ಬಿದ ಲೋಳೆಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿದಳು.

"ಜೀವ ಹಿಡದಾವ," ಎಂದಳು. ಮುದುಕಿಯ ಮುಖವೆಲ್ಲ ನಗೆಯಾಯಿತು.

"ದೊಡ್ಡವ್ವಾ, ನೀ ಸುಮ್ಮನ ಇರ. ಗಿಡ ನಮ್ಮೂವ ಹೌದಲ್ಲೋ ಅಷ್ಟ ಹೇಳು," ಎಂದ ಕಲ್ಮೇಶ. ಅವನ ಕಣ್ಣು ಗಿಡಗಳನ್ನು ಎಣಿಸುತ್ತಿದ್ದವು.

"ನಮ್ಮೂವ," ಎಂದಳು ದೇವಕ್ಕ. ಆಮೇಲೆ ಮಧುವಿನ ಕಡೆ ತಿರುಗಿದಳು. "ಯವ್ವಾ, ಯಾರೋ ಗೊತ್ತಿಲ್ಲದಾವ್ರ ಮ್ಯಾಲ ಕಂಪ್ಲೇಂಟ್ ಮಾಡೇನಿ ಅಂತ ಇಂವ ನನಗ ಹೇಳಿದ್ದ. ನಿನ್ನ ಹೆಸರ ಬರಸ್ಯಾನ ಅಂತ ಗಾಡ್ಯಾಗ ಬರೂ ಮುಂದ ಗೊತ್ತಾತು. ಅಲ್ಲೇ ಇಳದ ಬಿಡತಿದ್ದೆ. ಇಲ್ಲಿತನಕ ಬಂದ ನಾಕ ಮಂದಿ ಮುಂದ ಹೇಳಬೇಕಂತ ತಡಕೊಂಡೆ." ಅವಳು ಶ್ವಾಸ ಎಳೆದುಕೊಂಡಳು. "ಬರಕೊಳ್ರಿ ಮೇಡಮ್ಮಾರ. ಕಳುವ ಆಗಿಲ್ಲ. ಗಂಟ ಬಿಚ್ಚಿದಾಕಿ ನಾನ, ಕಿತ್ತ ಕಳಸಿದಾಕಿ ನಾನ. ಈ ಹುಡಿಗಿಗೆ ಇದರ ಗಾಳಿ ಗಂಧ ಗೊತ್ತಿಲ್ಲ."

ಮಧುವಿಗೆ ಇಷ್ಟು ದಿನ ತಡೆದಿದ್ದ ಅಳು ಬಂದುಬಿಟ್ಟಿತು. ಯಮನಪ್ಪ ಬೇರೆ ಕಡೆ ಮುಖ ಮಾಡಿ ಮೂಗು ಒರೆಸಿಕೊಂಡ.

ಶೀತಲ ಕಲ್ಮೇಶನನ್ನು ಹುಡುಕಿದಳು. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದು, ಪಂಪಿನ ಮನೆಯ ಮರೆಗೆ ನಿಂತು ಫೋನಿನಲ್ಲಿ ಪಿಸುಗುಡುತ್ತಿದ್ದ. ಅವಳು ಕಣ್ಣು ಸನ್ನೆ ಮಾಡಿದಳು. ಯಮನಪ್ಪನ ಹೊಟ್ಟೆ ಎಷ್ಟೇ ಮುಂದೆ ಬಂದಿರಲಿ, ಬೇಕಾದಾಗ ಬೆಕ್ಕಿನ ಹೆಜ್ಜೆ ಇಡುವುದು ಅವನಿಗೆ ಗೊತ್ತು. ಹಿಂದಿನಿಂದ ಹೋಗಿ ಫೋನನ್ನು ಮೆಲ್ಲಗೆ ಕಸಿದುಕೊಂಡು, ಸ್ಪೀಕರ್ ಒತ್ತಿ, ಎಲ್ಲರ ನಡುವೆ ಹಿಡಿದ.

"...ಅಳೋದು ಕರೆಯೋದು ಆಮ್ಯಾಲ ನೋಡೋಣು," ಎನ್ನುತ್ತಿತ್ತು ಮೆತ್ತಗಿನ ಒಂದು ದನಿ. "ಪೂಜಿ ಗಿಡ ನಾಕ ಅಂದ್ರ ಸಾಲಂಗಿಲ್ಲ ಕಲ್ಮೇಶ. ಐದನೇದು ಎಲ್ಲೈತಿ ಕೇಳು. ಹುಡಿಗಿ ಕೈಗೆ ಒಂದೂ ಸಿಗಬಾರದು."

ಆ ದನಿ ಶೀತಲಳಿಗೆ ಬೆಳಗ್ಗೆ ಪರಿಚಯವಾಗಿತ್ತು. ಮಧುವಿಗೆ ಅದು ಎರಡು ವರ್ಷದ ಪರಿಚಯ. ಅವಳ ಅಳು ಅರ್ಧಕ್ಕೇ ನಿಂತಿತು.

"ಸರ್?" ಎಂದಳು.

ಫೋನು ಕಟ್ಟಾಗಲಿಲ್ಲ. ಅದೇ ದನಿ, ಕ್ಲಾಸಿನಲ್ಲಿ ಹಾಜರಿ ಕರೆಯುವಷ್ಟೇ ಸಮಾಧಾನದಿಂದ: "ಮಧು, ನೀನೂ ಅಲ್ಲೇ ಅದೀ ಏನವಾ? ಚಲೋ ಆತು. ನಾ ಇಲ್ಲೇ ಹೊಲದ ರಸ್ತಾದಾಗ ಅದೇನಿ. ಬಂದ ಮಾತಾಡತೇನಿ. ಒಬ್ಬನ ಇಲ್ಲ, ಕೇಳೂ ಹಕ್ಕ ಇದ್ದಾವ್ರನ್ನ ಕರಕೊಂಡ ಬಂದೇನಿ."

ಸೂರ್ಯಕಾಂತಿಯ ಆಚೆ, ಕೆಂಪು ಧೂಳಿನಲ್ಲಿ ಎರಡು ಬಿಳಿ ಕಾರುಗಳು ನಿಂತಿದ್ದು ಈಗ ಕಾಣಿಸಿತು. ಮುಂದಿನ ಕಾರಿನ ಬಾಗಿಲು ತೆರೆಯಿತು. ಕಲ್ಮೇಶನ ಮುಖಕ್ಕೆ ಮತ್ತೆ ಬಣ್ಣ ಬಂತು.

"ಹಕ್ಕ ಅಂತ," ಎಂದಳು ದೇವಕ್ಕ. ಅವಳ ದನಿಯಲ್ಲಿ ಗಡಿಬಿಡಿ ಇರಲಿಲ್ಲ. "ಬಾ ಮಗಳ, ಇಲ್ಲಿ ಬಾ. ಓಢಣಿ ಒಡ್ಡು."

ಮಧು ತಿಳಿಯದೆ ಓಢಣಿಯ ಚುಂಗು ಒಡ್ಡಿದಳು. ದೇವಕ್ಕ ತನ್ನ ಉಡಿ ಬಿಚ್ಚಿದಳು. ಒಳಗೆ ರೊಟ್ಟಿಯಿರಲಿಲ್ಲ. ಮತ್ತೆ ಚಿಗುರಲೆಂದು ಕಾಂಡ ಮೊಟಕು ಮಾಡಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಐದನೆಯ ಗಿಡವಿತ್ತು, ತನ್ನ ಹೂಲಿಯ ಎರೆಮಣ್ಣಿನ ಹೆಂಟೆಯ ಸಮೇತ. ಅದನ್ನೊಂದನ್ನು ಮಾತ್ರ ತೊಳೆಯಲು ಅವಳಿಗೆ ಮನಸ್ಸು ಬಂದಿರಲಿಲ್ಲ. ತಟ್ಟಿನ ಸಂದಿಯಿಂದ ಬಿಳಿಯ ಹೊಸ ಬೇರೊಂದು ಹೊರಗೆ ಬಂದಿತ್ತು, ಅದರ ತುದಿಯಲ್ಲಿ ಒಂದು ಹನಿ ತಿಳಿ ಲೋಳೆ.

ಉತ್ತತ್ತಿ, ಕೊಬ್ಬರಿ ಇರಲಿಲ್ಲ. ದೇವಕ್ಕ ಗಿಡವನ್ನು ಮಧುವಿನ ಓಢಣಿಗೆ ಇಟ್ಟು, ನೆಲದಿಂದ ಒಂದು ಹಿಡಿ ಸಾಲಹಳ್ಳಿಯ ಕೆಂಪು ಮಣ್ಣು ತೆಗೆದು ಅದರ ಮೇಲೆ ಹಾಕಿ, ಚುಂಗನ್ನು ಗಟ್ಟಿಯಾಗಿ ಅವಳ ನಡುವಿಗೆ ಸಿಕ್ಕಿಸಿದಳು.

"ತುಂಬಿದ ಉಡಿ ಕಸಗೊಳ್ಳೂ ಗಂಡಸ ಈ ಸೀಮ್ಯಾಗ ಇನ್ನೂ ಹುಟ್ಟಿಲ್ಲ," ಎಂದಳು. "ಬರಲಿ."

ಶೀತಲ ಟೊಪ್ಪಿಗೆ ಸರಿಪಡಿಸಿಕೊಂಡು ಹಂದರದ ಬಾಗಿಲಿಗೆ ಬಂದು ನಿಂತಳು. ಧೂಳಿನಲ್ಲಿ ಸಿದ್ಧಾರೂಢ ಸರ್ ನಗುತ್ತ ಬರುತ್ತಿದ್ದರು. ಅವರ ಹಿಂದೆ, ಎರಡನೆಯ ಕಾರಿನಿಂದ ಇಳಿದವರನ್ನು ಕಂಡು ಶೀತಲಳ ಕೈ ತಾನಾಗಿಯೇ ಸೆಲ್ಯೂಟಿಗೆ ಎದ್ದಿತು, ಮತ್ತು ಅರ್ಧಕ್ಕೇ ನಿಂತಿತು. ಸಂಜೆಯೊಳಗೆ ಹುಡುಗಿಯನ್ನು ಒಳಗೆ ಹಾಕಿ ಎಂದು ಹೇಳಿದ್ದವರು ಅವರೇ.